ಹಾಲು ಕರೆಯುವ ಹೊತ್ತಿಗಿಂತ ಮುಂಚೆ

ಮಾರ್ಚ್ ತಿಂಗಳ ಮೊದಲ ಮಂಗಳವಾರ ನಮ್ಮ ವರ್ಮಂಟ್ ರಾಜ್ಯದ ಊರುಗಳಲ್ಲಿ ವರ್ಷದ ಸಭೆ. ಬೆಂಚಿನ ಮೇಲೆ ಕೂತಿದ್ದವರಿಗಷ್ಟೇ ಮತ. ಎದ್ದು ಮನೆಗೆ ಹೋದವನು ತನ್ನ ಅಭಿಪ್ರಾಯವನ್ನು ದನಗಳಿಗೆ ಹೇಳಿಕೊಳ್ಳಬೇಕು.

ಊರಿನ ರಸ್ತೆಗಳ ಹೊಣೆ ನನ್ನದು. 1982ರಲ್ಲಿ ನನಗೆ ಬೇಕಾಗಿದ್ದದ್ದು ರಸ್ತೆ ಸಮ ಮಾಡುವ ಹೊಸ ಗ್ರೇಡರ್. ಹಳೆಯದರ ಅಲಗನ್ನು ನಾಲ್ಕು ಸಲ ಬೆಸೆದಿದ್ದೆ. ಮೂರು ವರ್ಷ ಸಭೆಯಲ್ಲಿ ಸೋತು, ಆ ಸಲ ಒಬ್ಬೊಬ್ಬ ರೈತನ ಕೊಟ್ಟಿಗೆಗೂ ಹೋಗಿ ಒಪ್ಪಿಸಿದ್ದೆ.

ಸಭೆಯ ವಿಷಯಗಳ ಪಟ್ಟಿಯಲ್ಲಿ ಗ್ರೇಡರ್ ಹನ್ನೊಂದನೆಯದು. ಕೊನೆಯದು, ಹದಿನೇಳನೆಯದು, ಶಾಲೆಯಲ್ಲಿ ಟೀಚರಾಗಿದ್ದ ನನ್ನ ತಂಗಿ ವೆರ್ನಾ ಊರವರ ಸಹಿ ಕೂಡಿಸಿ ಹಾಕಿಸಿದ್ದು: ಅಮೆರಿಕ, ರಷ್ಯಾ ಎರಡೂ ಇನ್ನು ಅಣುಬಾಂಬು ಮಾಡಬಾರದೆಂದು ಸರ್ಕಾರಕ್ಕೆ ಹೇಳುವುದು.

ಹತ್ತನೆಯದಾದ ನಾಯಿ ಲೈಸೆನ್ಸಿನ ಮೇಲೆ ಒಂದೂವರೆ ಗಂಟೆ ಜಗಳ ನಡೆಯಿತು. ಗಡಿಯಾರ ಮೂರು ದಾಟಿತು. ನಾಲ್ಕಾದರೆ ಹಾಲು ಕರೆಯುವವರೆಲ್ಲ ಏಳುತ್ತಾರೆ. ವೆರ್ನಾ ಬಂದು ಪಕ್ಕದಲ್ಲಿ ಕೂತಳು.

“ಅಣ್ಣ, ನಂದನ್ನ ಗ್ರೇಡರ್‌ಗಿಂತ ಮುಂಚೆ ತಗೊಳ್ಳೋಕೆ ಹೇಳು.”

“ತಲೆ ಕೆಟ್ಟಿದೆಯಾ? ಅದು ಮುಗಿಯೋ ಹೊತ್ತಿಗೆ ನನ್ನ ರೈತ್ರು ಕೊಟ್ಟಿಗೇಲಿರ್ತಾರೆ.”

“ನಾನು ಕೇಳಿದ್ರೆ ಹೆಂಗಸ್ರ ಕುತಂತ್ರ ಅಂತಾರೆ. ನೀನು ಕೇಳಿದ್ರೆ ಯಾರೂ ಉಸಿರೆತ್ತಲ್ಲ.”

“ನಾನು ಬೇಡ ಅನ್ನೋರ ಕಡೆ ಕಣೇ. ರಷ್ಯಾದವರನ್ನ ನಂಬೋಕೆ ನನಗೇನು ಹುಚ್ಚಾ?”

“ಬೇಡ ಅನ್ನು. ಸೋತ್ರೂ ಸರಿ. ಐದು ಗಂಟೆಗೆ ಹದಿನೈದು ಜನ ಕೂತು ಗೆದ್ರೆ ವಾಷಿಂಗ್ಟನ್‌ನಲ್ಲಿ ನಗ್ತಾರೆ. ಊರು ಏನಂತು ಅಂತ ಗೊತ್ತಾಗ್ಬೇಕು ನನಗೆ.”

ಹಿಂದಿನಿಂದ ಮರದ ಮಿಲ್ಲಿನ ಯಜಮಾನ ಕೂಗಿದ: “ನಾಯಿ ವಿಷ್ಯ ಇನ್ನಷ್ಟು ಎಳೀರಪ್ಪಾ! ಆಮೇಲೆ ಟೀಚರಮ್ಮಂದಿರು ಖಾಲಿ ಬೆಂಚುಗಳನ್ನ ಮುಂದಿಟ್ಕೊಂಡು ಬಾಂಬ್ ನಿಲ್ಲಿಸ್ಲಿ!”

ಜನ ನಕ್ಕರು. ಜಗಳ ಯಾಕೆ ಮುಗಿಯುತ್ತಿಲ್ಲ ಎಂಬುದು ನನಗೆ ಆಗ ತಿಳಿಯಿತು. ಹದಿನೇಳನೆಯದು ಬರುವಷ್ಟರಲ್ಲಿ ಜನ ಎದ್ದುಹೋಗಲೆಂದೇ ಎಳೆಯುತ್ತಿದ್ದರು. ಎದ್ದುನಿಂತೆ.

“ಹಾರ್ಲಿ, ನಾಯಿ ಸಾಕು. ಹದಿನೇಳನ್ನ ಈಗಲೇ ತಗೋ.”

ಸಭೆ ನಡೆಸುತ್ತಿದ್ದ ಹಾರ್ಲಿ ಕನ್ನಡಕ ತೆಗೆದ. “ಎಲ್ವಿನ್, ನಿನ್ನ ಗ್ರೇಡರ್ ಗತಿ?”

“ಅದು ನನಗೆ ಬಿಡು.”

ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಯಾರೂ ಮನೆಗೆ ಹೊರಡಲಿಲ್ಲ, ನನ್ನ ಮುಂದಿದ್ದ ರೈತನಂತೂ ಗಡಿಯಾರ ನೋಡಿ ನೋಡಿ ಮತ್ತೆ ಕೂತ. ಎಬ್ಬಿಸಿ ನಿಲ್ಲಿಸಿ ಎಣಿಸಿದರು. ಬೇಕೆಂದವರು ಎಂಬತ್ತೆಂಟು, ಬೇಡವೆಂದವರು ಐವತ್ತೇಳು. ಐವತ್ತೇಳರಲ್ಲಿ ನಾನೂ ಒಬ್ಬ.

ಆಮೇಲೆ ರೈತರು ಕೋಟು ಎತ್ತಿಕೊಂಡು ಓಡಿದರು. ಗ್ರೇಡರ್ ಆರು ಮತಗಳಿಂದ ಸೋತಿತು. ಒಂದು ವಾರ ನಾನು ವೆರ್ನಾಳ ಜೊತೆ ಮಾತಾಡಲಿಲ್ಲ.

ರಾಜ್ಯದ ನೂರೈವತ್ತಕ್ಕೂ ಹೆಚ್ಚು ಊರುಗಳು ನಮ್ಮಂತೆಯೇ ಹೇಳಿದ್ದವು. ಆಗಸ್ಟಿನಲ್ಲಿ ಅದೇ ಮಾತು ವಾಷಿಂಗ್ಟನ್‌ನ ಪ್ರತಿನಿಧಿ ಸಭೆಗೆ ಹೋಗಿ ಎರಡೇ ಮತಗಳಿಂದ ಸೋತಿತು. ಮರುದಿನ ಪತ್ರಿಕೆಯವನೊಬ್ಬ ಫೋನ್ ಮಾಡಿದ.

“ನಿಮ್ಮಿಂದಲೇ ನಿಮ್ಮೂರಲ್ಲಿ ಆ ಮಾತು ಗೆದ್ದಿದ್ದಂತೆ. ನೀವು ಬಾಂಬಿನ ವಿರೋಧಿಗಳಾ ಸಾರ್?”

“ಅಲ್ಲಯ್ಯ. ನಾನು ಬೇಡ ಅಂದೋನು.”

“ಹಾಗಾದ್ರೆ ಏನು ಬರೀಲಿ?”

“ಮತ ಹಾಕೋವಾಗ ಸಭೇಲಿ ನೂರ ನಲವತ್ತೈದು ಜನ ಇದ್ರು ಅಂತ ಬರಿ. ಆ ಲೆಕ್ಕ ತಪ್ಪಬೇಡ,” ಎಂದು ಫೋನ್ ಇಟ್ಟು, ಹಳೆಯ ಗ್ರೇಡರಿನ ಅಲಗು ಬೆಸೆಯಲು ಹೋದೆ.