ಪೂರ್ತಿ ತಾಳೆ

ಮಿಷಿಗನ್‌ನ ಈ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳಾಗುವವರ ಕಾಲೇಜಿನಲ್ಲಿ, ನಾನು ಹೀಬ್ರೂ ಕಲಿಸುತ್ತೇನೆ, ಹಾರ್ಮ್ ಡೈಕ್‌ಹೌಸ್ ಗ್ರೀಕ್ ಕಲಿಸುತ್ತಿದ್ದ. ಇಬ್ಬರಿಗೂ ಒಂದೇ ಕೋಣೆ. ಬೈಬಲಿನ ಹೊಸ ಒಡಂಬಡಿಕೆಯ ಒಂದೊಂದು ಗ್ರೀಕ್ ಕ್ರಿಯಾಪದವನ್ನೂ ಹಿಡಿದು, ಅದು ಹೇಳುವ ಕೆಲಸಕ್ಕೆ ತನ್ನದೇ ಮುಕ್ತಾಯವಿದೆಯೋ ಇಲ್ಲವೋ ಎಂದು ಗುರುತು ಹಾಕುವುದೇ ಅವನ ಬದುಕು. ಹುಡುಕುವುದು ಎಷ್ಟು ಹೊತ್ತಾದರೂ ನಡೆದೀತು. ಸಿಗುವುದು ಸಿಕ್ಕಿದ ಕೂಡಲೇ ಮುಗಿಯಿತು. ಕೇಳಲು ಸುಲಭ, ಮಾಡಲು ಕೂತರೆ ತಲೆ ಚಿಟ್ಟು ಹಿಡಿಯುತ್ತದೆ.

ಒಬ್ಬರ ತೀರ್ಮಾನ ಸಾಲದೆಂದು ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಬೇಕು, ಇಬ್ಬರದೂ ಎಷ್ಟು ಹೊಂದುತ್ತದೆಂದು ಕೊನೆಗೆ ತಾಳೆ ನೋಡಬೇಕು. ನಡುವೆ ಇಣುಕುವಂತಿಲ್ಲ. ಹಾರ್ಮ್‌ಗೆ ಜೊತೆ ಅವನ ಶಿಷ್ಯೆ ಮಾರ್ಲಿಸ್. ವಾದಕ್ಕಿಳಿದರೆ ಬಿಡುವವಳಲ್ಲ.

ಅದರೊಳಗಿನ ಲೂಕನ ಸುವಾರ್ತೆಗೆ ಬರುವ ಹೊತ್ತಿಗೆ ಹಾರ್ಮ್‌ಗೆ ಮರೆವು ಅಮರಿಕೊಂಡಿತು. ಪಾಠದ ಮಧ್ಯೆ ಸುಮ್ಮನೆ ನಿಂತುಬಿಡುತ್ತಿದ್ದ. ನಮ್ಮ ಡೀನ್ ಖಡಾಖಂಡಿತವಾಗಿ ಹೇಳಿದರು: "ಲೂಕನ ತಾಳೆ ಬರ್ಲಿ. ಚೆನ್ನಾಗಿದ್ರೆ ಸರಿ, ಇಲ್ಲಾಂದ್ರೆ ಮನೇಲಿ ಕೂತ್ಕೊಳ್ಲಿ."

ಒಂದು ಮಧ್ಯಾಹ್ನ ಮಾರ್ಲಿಸ್ ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ಮೇಜಿನ ಮುಂದೆ ನಿಂತಳು.

"ಅವ್ರ ಗುರುತೆಲ್ಲಾ ಅಡ್ಡಾದಿಡ್ಡಿ ಆಗಿದೆ ಸರ್. ನನ್ನದಕ್ಕೆ ಹೊಂದೋ ಹಾಗೆ ನಾನೇ ಕೂತು ತಿದ್ದಿಬಿಟ್ಟೆ. ಈ ಕೆಲ್ಸ ಹೋದ್ರೆ ಅವ್ರು ಉಳಿಯಲ್ಲ."

ಹುಚ್ಚು ಹುಡುಗಿ! ಬೈಯಬೇಕೆಂದುಕೊಂಡವನು ಗುಟ್ಟನ್ನು ನಾನೂ ಮುಚ್ಚಿಟ್ಟೆ. ನನಗೂ ಅವನು ಎದುರಿನ ಕುರ್ಚಿಯಲ್ಲಿ ಇರಬೇಕಿತ್ತು.

ತಾಳೆಯ ದಿನ ಡೀನ್ ಖುಷಿಯಿಂದ ಕಾಫಿ ತರಿಸಿದರು. "ನೂರಕ್ಕೆ ನೂರು! ಏನಪ್ಪಾ ಹಾರ್ಮ್, ನಮ್ಮನ್ನೆಲ್ಲಾ ಸುಮ್ನೆ ಹೆದರಿಸಿದ್ಯಲ್ಲ!"

ಹಾರ್ಮ್ ಪೆಪ್ಪರ್‌ಮಿಂಟ್ ಚೀಪುತ್ತಾ ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದ. ಅವತ್ತು ಅವನ ಕಣ್ಣು ತಿಳಿಯಾಗಿತ್ತು.

"ಒಂದರಲ್ಲೂ ಜಗಳ ಇಲ್ವಾ?"

"ಇಲ್ಲ ಸರ್," ಎಂದಳು ಮಾರ್ಲಿಸ್.

"ನಾನು ಗಟ್ಟಿಯಾಗಿದ್ದಾಗ್ಲೇ ಪುಟಕ್ಕೊಂದು ಜಗಳ ಆಡ್ತಿದ್ವಲ್ಲೇ ಮಾರಾಯ್ತಿ. ಯಾವ ಇಬ್ರೂ ಇಷ್ಟು ಒಪ್ಪಲ್ಲ. ಅದೊಂದನ್ನ ನಾನಿನ್ನೂ ಮರೆತಿಲ್ಲ."

ಆ ಗಳಿಗೆಯಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದವನು ಅವನೇ. ನನಗೆ ದುಃಖ ಒತ್ತರಿಸಿ ಬಂತು.

"ಎಷ್ಟು ತಿದ್ದಿದ್ದೀಯ? ಅರ್ಧಕ್ಕಿಂತ ಜಾಸ್ತೀನಾ?" ಎಂದು ಹಾರ್ಮ್ ಅವಳನ್ನು ಕೇಳಿದ.

ಮಾರ್ಲಿಸ್ ಅಳುತ್ತಾ ಹೌದೆಂದು ತಲೆಯಾಡಿಸಿದಳು.

ಹಾರ್ಮ್ ಅವಳ ಕೈಯನ್ನು ಮೆಲ್ಲಗೆ ತಟ್ಟಿ ಡೀನ್ ಕಡೆ ತಿರುಗಿದ. "ಇವಳಿಗೆ ಬೇರೆ ಜೊತೆ ಕೊಡಿ, ಲೂಕನನ್ನ ಮೊದಲಿಂದ ಮಾಡ್ಲಿ. ನನ್ನನ್ನ ಮನೆಗೆ ಕಳಿಸಿ."