ಹಾಜರಿಗೊಂದು ದನಿ

ಕಾಲುವೆ ಅಂದರೆ ಕಾಲು ಹೂಳುವ ಕೆಲಸ ಎಂದು ಲಾಡ್ಲೇಸಾಬ ನಗಿಸುತ್ತಿದ್ದ. ಹುಣಸಗಿಯ ಆಚೆ ಎರೆಮಣ್ಣು ಅಗೆಯುತ್ತಿದ್ದ ಆಳುಗಳ ನಡುವೆ ಅವನಿಗೆ ಹೆಸರು ತಂದದ್ದು ಗುದ್ದಲಿಯಲ್ಲ, ಗಂಟಲು. ಗುತ್ತೇದಾರನ ಕೆಮ್ಮು, ಇಂಜಿನಿಯರನ ಜೀಪಿನ ಗೊರಗೊರ, ಜಗಳಾಡುವ ಅತ್ತೆ ಸೊಸೆ, ಎಲ್ಲರೂ ಆ ಗಂಟಲಿನಲ್ಲಿ ಬಾಡಿಗೆಗಿದ್ದರು.

ಮುಕಾದಮ ಅಮಾತೆಪ್ಪನಿಗೆ ಚಾಳೀಸಿನ ಕನ್ನಡಕ ಹಾಕಿದರೆ ಹಾಜರಿ ವಹಿ ಕಾಣುತ್ತಿತ್ತು, ಆಳು ಕಾಣುತ್ತಿರಲಿಲ್ಲ. ನಸುಕಿನಲ್ಲಿ ಕಂದೀಲು ಇಟ್ಟುಕೊಂಡು ಹೆಸರು ಕೂಗುವನು, ತಲೆ ಎತ್ತದೆ ದನಿ ಕೇಳಿ ಗೀಟು ಎಳೆಯುವನು. ಎಲ್ಲರೂ 'ಹಾಜರ್' ಎಂದು ಒಗೆದು ಹೋದರೆ, ದೇವಾಪುರದ ಮೋನಮ್ಮ ಮಾತ್ರ 'ಹಾ...' ಎಂದು ಎಳೆದು, ಒಂದಿಷ್ಟು ತಡೆದು, 'ಜರ್ರೀ' ಎನ್ನುವಳು.

ಒಂದು ನಸುಕಿನಲ್ಲಿ ಅವಳು ಏಳಲಿಲ್ಲ.

"ಏಳವ್ವ, ಹಾಜರಿ ಕೂಗಾಕತ್ತಾನ," ಲಾಡ್ಲೇಸಾಬ ಎಬ್ಬಿಸಿದ.

"ಇವತ್ತ ಹಾಜರಿ ಅಲ್ಲಣ್ಣ. ಹಾ... ಜರ!" ಮೈ ಜ್ವರದಿಂದ ಸುಡುತ್ತಿದ್ದರೂ ಅವಳಿಗೆ ನಗೆ.

"ನನಗಿಂತ ಚಲೋ ಅಂದಿ. ಮನೀಗಿ ಹೋಗು. ನಿನ್ನ ಗೀಟು ನಾ ನೋಡ್ಕೋತೀನಿ."

ವಾರದಲ್ಲಿ ಎರಡು ದಿನ ತಪ್ಪಿದರೆ ಹೆಸರನ್ನೇ ಹೊಡೆದುಹಾಕುವ ಪದ್ಧತಿ ಅಲ್ಲಿಯದು. ಅವಳನ್ನು ಊರಿನ ಕಡೆ ಹೊರಟ ಗಾಡಿ ಹತ್ತಿಸಿದ ಲಾಡ್ಲೇಸಾಬ, ಒಂಬತ್ತು ದಿನ ಮಣ್ಣಿನ ಗುಡ್ಡೆಯ ಮರೆಯಿಂದ ಎರಡು ಸಲ ಹಾಜರಾದ. ಒಮ್ಮೆ ತನ್ನ ದನಿಯಲ್ಲಿ, ಒಮ್ಮೆ ಅವಳದರಲ್ಲಿ. ಒಂಬತ್ತನೆಯ ಸಂಜೆ ದೇವಾಪುರದಿಂದ ಬಂದವನೊಬ್ಬ ಬೀಡಿ ಹಚ್ಚುತ್ತ ಹೇಳಿದ: "ಮೋನವ್ವನ್ನ ಮಣ್ಣ ಮಾಡಿ ಎರಡು ದಿನ ಆತಲ್ಲೊ."

ಆಮೇಲೆ ಲಾಡ್ಲೇಸಾಬ ಯಾರನ್ನೂ ಅಣಕಿಸಲಿಲ್ಲ.

ಮಳೆ ಹಿಡಿದು ಕೆಲಸ ನಿಂತಿತು. ಗುತ್ತೇದಾರ ಯಾರಿಗೂ ಗೊತ್ತಿಲ್ಲದ ದಾರಿ ಹಿಡಿದ. ಆಳುಗಳೆಲ್ಲ ಕೂಡಿ ಯಾದಗಿರಿಯ ಕಾರ್ಮಿಕರ ಕಚೇರಿಗೆ ಅರ್ಜಿ ಕೊಟ್ಟ ಮೇಲೆ ಅವನ ಗುಮಾಸ್ತ ಹಾಜರಾಗಿ ಒಬ್ಬೊಬ್ಬರ ಲೆಕ್ಕ ಒಪ್ಪಿದ. ಮೋನಮ್ಮನದೊಂದು ಉಳಿಯಿತು. ಅವಳ ತಾಯಿ ದುರಗಮ್ಮನಿಗೆ ಆ ಕೂಲಿ ಬಿಟ್ಟರೆ ಮಗಳದ್ದೆಂಬುದು ಬೇರೇನೂ ಇರಲಿಲ್ಲ. ವಿಚಾರಣೆಯ ದಿನ ಲಾಡ್ಲೇಸಾಬನೇ ಅವಳನ್ನು ಕರೆದುಕೊಂಡು ಬಂದ.

"ವಹಿಯಾಗ ಎಪ್ಪತ್ತೊಂದು ಗೀಟು ಅದಾವ್ರಿ," ಗುಮಾಸ್ತ ಎದ್ದು ನಿಂತ. "ಸತ್ತ ಮ್ಯಾಲೂ ಎರಡು ದಿನ ಹಾಜರಿ! ಹೆಣ ಬುಟ್ಟಿ ಹೊತ್ತಾದೇನ್ರಿ? ಈಕೀ ಲೆಕ್ಕನ ಖೊಟ್ಟಿ. ಒಂದು ಪೈಸಾ ಬರಂಗಿಲ್ಲ."

ಲಾಡ್ಲೇಸಾಬ ಮುಂದೆ ಬಂದ. "ಸಾಹೇಬ್ರ, ಒಂಬತ್ತು ದಿನ ನಾ ಅಂದೀನಿ, ಆಕೀ ದನಿ ತಗದು. ಉಳದ ಅರವತ್ತೆರಡು ಆಕೀವ. ಆಕೀ ರೆಟ್ಟಿ ದುಡದಾವು."

"ಇಂಥಾ ಮೀಸಿ ಇಟಗೊಂಡು ಹೆಣ್ಣಮಗಳಾದ್ನಂತ!" ಗುಮಾಸ್ತ ನಕ್ಕು, ಸಾಕ್ಷಿಗೆ ಕರೆತಂದಿದ್ದ ಮುಕಾದಮನ ಕಡೆ ತಿರುಗಿದ. "ಅಮಾತೆಪ್ಪ, ನೀ ಹೇಳೊ."

"ಆಕೀ ದನಿ ನನಗ ಗುರ್ತು ಸಿಗೂದಿಲ್ಲೇನ್ರಿ?" ಎಂದ ಅಮಾತೆಪ್ಪ.

ವಿಚಾರಣೆಗೆ ಕೂತಿದ್ದ ಸಾಹೇಬರು ಮೈಸೂರಿನ ಕಡೆಯವರು. "ಹಾಗಿದ್ರೆ ನೋಡೇ ಬಿಡೋಣ. ಅಮಾತೆಪ್ಪನೋರೇ, ಗೋಡೆ ಕಡೆ ತಿರುಗಿ ಹೆಸರು ಕೂಗಿ."

ಲಾಡ್ಲೇಸಾಬ ಬಾಗಿಲ ಕಡೆ ನೋಡಿದ. ದುರಗಮ್ಮ ನೀರು ಕುಡಿಯಲು ಅಂಗಳದ ಕೈಪಂಪಿನ ಬೋರಿಂಗಿಗೆ ಹೋಗಿದ್ದಳು. ಆಕೆ ಬರುವುದರೊಳಗೆ ಮುಗಿದರೆ ಸಾಕು ಎಂದುಕೊಂಡ.

"ಮೋನಮ್ಮಾ!"

"ಹಾ... ಜರ್ರೀ."

ಅಮಾತೆಪ್ಪನ ಕೈ ತಾನಾಗಿಯೇ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು. ಆಗಲೇ ಬಾಗಿಲಲ್ಲಿ ತಂಬಿಗೆ ಬಿದ್ದ ಸದ್ದು.

"ಯವ್ವಾ, ಎಲ್ಲಿದ್ದಿ?" ದುರಗಮ್ಮ ಒದ್ದೆ ಕೈಯಲ್ಲೇ ಒಳಗೆ ನುಗ್ಗಿದಳು. ಮೇಜಿನ ಆಚೆ ನೋಡಿದಳು, ಕಪಾಟಿನ ಸಂದಿಯಲ್ಲಿ ಬಗ್ಗಿ ನೋಡಿದಳು. "ಈಗ ಓ ಅಂದ್ಲಲ್ಲ! ನನ್ನ ಕೂಸಿನ್ನ ಎಲ್ಲಿ ಕುಂದ್ರಿಸೀರಿ?"

ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ. ಲಾಡ್ಲೇಸಾಬ ಅಂಗೈಯಿಂದ ಬಾಯಿ ಮುಚ್ಚಿಕೊಂಡದ್ದನ್ನು ಕಂಡ ಮೇಲೆ ಅವಳಿಗೆ ತಿಳಿಯಿತು. ಹೋಗಿ ಬಾಗಿಲಲ್ಲಿ ಬಿದ್ದಿದ್ದ ತಂಬಿಗೆ ಎತ್ತಿಕೊಂಡಳು.

ಸಾಹೇಬರು ತೀರ್ಪು ಬರೆದರು. ಒಂಬತ್ತು ಕಳೆದು ಅರವತ್ತೆರಡು ದಿನ. ಗುತ್ತೇದಾರ ದಿನಕ್ಕೆ ಆಡಿದ್ದ ಹತ್ತು ರೂಪಾಯಿಯಲ್ಲ, ಸರಕಾರದ ದರ ಹನ್ನೆರಡು. ಏಳುನೂರಾ ನಲವತ್ತನಾಲ್ಕು. ವಾರವಾರ ಮುಂಗಡ ಕೊಟ್ಟ ಖರ್ಚಿ ನೂರಾ ಎಂಬತ್ತು ಮುರಿದು, ಐನೂರಾ ಅರವತ್ತನಾಲ್ಕು. ಗುತ್ತೇದಾರ ಅದನ್ನು ತಿಂಗಳೊಳಗೆ ಕಚೇರಿಗೆ ಕಟ್ಟಬೇಕು.

ಸುರಪುರದ ಬಸ್ಸಿನಲ್ಲಿ ದುರಗಮ್ಮ ಬೇರೆ ಸೀಟಿನಲ್ಲಿ ಕೂತಳು. ಇನ್ನೊಮ್ಮೆ ಅನ್ನು ಎಂದು ಕೇಳಿಯಾಳೆಂದು ಲಾಡ್ಲೇಸಾಬ ದಾರಿಯುದ್ದಕ್ಕೂ ಹೆದರಿದ. ಕೇಳಲಿಲ್ಲ. ಅದು ಇನ್ನೂ ಭಾರವಾಯಿತು.

ಹಣ ಕೊಡುವ ದಿನವೂ ಅವನೇ ಕರೆತಂದ. ಕಾರಕೂನ ಪಟ್ಟಿ ಹಿಡಿದು ಕೂಗಿದ: "ಮೋನಮ್ಮನ ಬಾಬತ್ತು, ತಾಯಿ ದುರಗಮ್ಮ!"

ಅವಳು ಏಳಲಿಲ್ಲ. ಲಾಡ್ಲೇಸಾಬನ ಬಾಯಿಯನ್ನೇ ನೋಡುತ್ತಿದ್ದಳು. ಅವನು ತುಟಿ ಕಚ್ಚಿ ಹಿಡಿದ.

"ದುರಗಮ್ಮ ಬಂದಾಳೊ ಇಲ್ಲೊ?"

ಮುದುಕಿ ಗೋಡೆ ಹಿಡಿದು ಎದ್ದಳು. "ಹಾ..." ಎಂದು ಎಳೆದು, ಒಂದಿಷ್ಟು ತಡೆದು, "ಜರ್ರೀ" ಎಂದಳು.

ಆ ಎಳೆತ, ಆ ತಡೆ. ಮೋನಮ್ಮ ಅದನ್ನು ಯಾರಿಂದ ಕಲಿತಿದ್ದಳೆಂದು ಲಾಡ್ಲೇಸಾಬನಿಗೆ ಆಗ ಹೊಳೆಯಿತು. ದುರಗಮ್ಮ ಹೆಬ್ಬೆಟ್ಟು ಒತ್ತುತ್ತಿದ್ದಾಗ ಅವನು ಹೊರಗೆ ಹೋಗಿ ಬೋರಿಂಗಿನ ಕೆಳಗೆ ತಲೆಯೊಡ್ಡಿ ನಿಂತ. ಹಿಡಿಕೆ ಹೊಡೆಯುವವರು ಇಲ್ಲದೆ ನೀರು ಬರಲಿಲ್ಲ. ಆದರೂ ಅವನ ಮುಖ ತೊಯ್ದಿತ್ತು.