ಓಝೆಲಾ ಎತ್ತಿಕೊಟ್ಟ ಸಾಲು

ಈಸ್ಟರ್ ದಿನ ಚರ್ಚಿನ ಮೆಟ್ಟಿಲ ಮೇಲೆ ಕ್ಲಿಯೋಟಿಸ್ ಬಾರ್ಲೋ ಆಡಿದ ಮಾತನ್ನು ಓಝೆಲಾ ವೇದವಾಕ್ಯದಂತೆ ನಂಬಿದಳು.

"ಹೊಳೆದಂಡೆ ಹಬ್ಬಕ್ಕೆ ಬಾರೇ ಓಝಿ. ಕೊನೇ ಹಾಡಿಗೆ ನಿನ್ನ ಸ್ಟೇಜ್ ಮೇಲಕ್ಕೆ ಕರೀತೀನಿ. ಈ ಹಳದಿ ಟೋಪೀನೇ ಹಾಕ್ಕೊಂಡು ಬಾ, ಎಷ್ಟೇ ಜನ ಇದ್ರೂ ಕಾಣ್ತೀಯ."

ಎಂಬತ್ತರ ಹತ್ತಿರದ ಗಂಡಸು ದೇವರ ಬಾಗಿಲಲ್ಲಿ ನಿಂತು ಸುಳ್ಳು ಹೇಳುತ್ತಾನೆಯೇ? ಹೇಳುತ್ತಾನೆ. ಅವಳಿಗೆ ಹೊಳೆಯಲಿಲ್ಲ, ಅಷ್ಟೆ.

ಆ ಕೊನೇ ಹಾಡೇ ಅವನನ್ನು ಸೋಲ್ ಸಂಗೀತದ ದೊಡ್ಡ ಗಾಯಕನನ್ನಾಗಿ ಮಾಡಿದ್ದು. "ಬಾಗಿಲು ತಟ್ಟಿದ್ಯಾರು?" ಎಂದು ಅವನು ಕೇಳುತ್ತಾನೆ. "ನಾನೇ ಕಣೋ, ತೆಗಿ" ಎಂದು ಹೆಣ್ಣುದನಿ ಉತ್ತರಿಸುತ್ತದೆ. ಆ ದನಿ ಓಝೆಲಾಳದು. ರೆಕಾರ್ಡಿನ ಮೇಲೆ ಮಾತ್ರ ಅವನೊಬ್ಬನದೇ ಹೆಸರು. ಅಟ್ಟ ಹತ್ತಿದವನು ಏಣಿ ಒದ್ದ. ಅವನು ದೇಶದೇಶ ಸುತ್ತಿದ, ಅವಳು ತಮ್ಮೂರು ಮೆಂಫಿಸ್‌ನಲ್ಲೇ ಆಸ್ಪತ್ರೆಯ ಹೊದಿಕೆ ಒಗೆದಳು. ಈಗ ಅವಳಿಗೆ ಬೇಕಿದ್ದದ್ದು ಒಂದೇ: ಆ ದನಿ ಯಾರದೆಂದು ತನ್ನ ಊರಿಗೆ ಒಂದು ಸಲವಾದರೂ ಗೊತ್ತಾಗಬೇಕು.

ಹಬ್ಬದ ದಿನ ಮುಂದಿನ ಸಾಲುಗಳೆಲ್ಲ ದೊಡ್ಡ ಟಿಕೆಟಿನವರಿಗೆ. ಅಡ್ಡ ಕಟ್ಟಿದ ಹಗ್ಗದ ಈಚೆ, ಕರಿದ ಮೀನಿನ ಹೊಗೆಯಲ್ಲಿ, ಓಝೆಲಾ ಮಡಿಸುವ ಕುರ್ಚಿಯ ಮೇಲೆ ಟೋಪಿ ಧರಿಸಿ ಕೂತಿದ್ದಳು. ಪಕ್ಕದಲ್ಲಿ ತಂಗಿಯ ಮಗಳು ರೆನೀಟಾ.

"ಅಜ್ಜಿ, ಸ್ವಲ್ಪ ಟೋಪಿ ತೆಗೀರಿ, ಏನೂ ಕಾಣ್ತಿಲ್ಲ" ಎಂದ ಹಿಂದಿನವನು.

"ನಿಮಗೆ ಅವನು ಕಾಣೋದಿರಲಿ, ಅವನಿಗೆ ಇವರು ಕಾಣಬೇಕು!" ಎಂದಳು ರೆನೀಟಾ.

ಕ್ಲಿಯೋಟಿಸ್ ಬಂದ. ಕಾಲಲ್ಲಿ ಕಸುವಿರಲಿಲ್ಲ, ದನಿ ಮಾತ್ರ ಹಾಗೇ ಇತ್ತು. ಅದೂ ಹೋಗಿದ್ದರೆ ಕ್ಷಮಿಸುವುದು ಸುಲಭವಾಗುತ್ತಿತ್ತು. ಅದರ ಚೆಲುವು ಕೇಳಿ ಓಝೆಲಾಳ ಹೊಟ್ಟೆ ಉರಿಯಿತು.

ಕೊನೇ ಹಾಡು ಶುರುವಾಯಿತು. ಅವಳು ಎದ್ದು ನಿಂತು ಲಂಗದ ನಿರಿಗೆ ಸರಿಮಾಡಿಕೊಂಡಳು. "ಬಾಗಿಲು ತಟ್ಟಿದ್ಯಾರು?" ಎಂದು ಕೇಳಿ ಅವನು ಜನರತ್ತ ನೋಡಿದ. ಅವನ ಕಣ್ಣು ಹಳದಿ ಟೋಪಿಯ ಮೇಲೆ ನಿಂತಿತು. ಅವನಿಗೆ ಕಂಡಿತು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಮೈಕನ್ನು ಜನರ ಕಡೆ ತಿರುಗಿಸಿದ.

"ನಾನೇ ಕಣೋ, ತೆಗಿ!" ಎಂದು ಇಡೀ ಹೊಳೆದಂಡೆ ಕೂಗಿತು.

ಆಚೆ ಪಕ್ಕದ ಯಾರೋ ಹುಡುಗಿ ಮೊಣಕೈಯಿಂದ ತಿವಿದಳು. "ಹಾಡಿ ಅಜ್ಜಿ, ಎಲ್ರಿಗೂ ಬರುತ್ತಲ್ಲ ಇದು!"

ಓಝೆಲಾ ತುಟಿ ಬಿಗಿದಳು. ಈ ಮನುಷ್ಯನಿಗಾಗಿ ಇನ್ನು ಒಂದುಸಿರೂ ಖರ್ಚು ಮಾಡುವುದಿಲ್ಲ ಎಂದುಕೊಂಡಳು.

ಮೂರನೇ ಚರಣಕ್ಕೆ ಕ್ಲಿಯೋಟಿಸ್ ನಿಂತುಬಿಟ್ಟ. ಸಾಲು ಮರೆತಿತ್ತು. ವಾದ್ಯದವರು ಒಂದು ಸುತ್ತು ನುಡಿಸಿ, ಮತ್ತೆ ಮೊದಲಿಗೆ ಬಂದರು. ಜನಕ್ಕೆ ಗೊತ್ತಿದ್ದದ್ದು ಬರೀ ಉತ್ತರ. ಮುದುಕ ತಿರುಗಿ ವಾದ್ಯದವರ ಮುಖ ನೋಡಿದ.

ಅವರಿಬ್ಬರ ಚರ್ಚಿನಲ್ಲಿ ಹಾಡಿನ ಪುಸ್ತಕ ಇರಲಿಲ್ಲ. ಮುಂದಾಳು ಸಾಲು ಹೇಳಬೇಕು, ಉಳಿದವರು ಎಳೆದು ಹಾಡಬೇಕು. ಮುಂದಾಳು ಮರೆತರೆ ಬಲ್ಲವರು ಕೂತಲ್ಲಿಂದಲೇ ಎತ್ತಿಕೊಡಬೇಕು. ಹಗೆಯೇ ಆಗಿದ್ದರೂ ಅವನನ್ನು ನಡುನೀರಿನಲ್ಲಿ ಬಿಡುವುದು ಪಾಪ.

ರೆನೀಟಾ ಅವಳ ಕೈ ಅದುಮಿದಳು. "ಸುಮ್ನಿರು ದೊಡ್ಡಮ್ಮ. ಒದ್ದಾಡ್ಲಿ ಬಿಡು."

ಒದ್ದಾಡಲಿ ಎಂದೇ ಓಝೆಲಾಳಿಗೂ ಇತ್ತು. ಆದರೆ ಜೀವಮಾನದ ಭಾನುವಾರಗಳು ಅವಳ ಮಾತು ಕೇಳಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಬರಿಗಾಲಲ್ಲಿ ಬಂದೆಯಾ, ಮಳೆಯಲ್ಲಿ ಬಂದೆಯಾ..."

ದನಿ ಹಗ್ಗ ದಾಟಿ ಹೋಯಿತು. ಕ್ಲಿಯೋಟಿಸ್ ಅದನ್ನು ಗಬಕ್ಕನೆ ಹಿಡಿದು ಹಾಡಿ ಮುಗಿಸಿದ. ಚಪ್ಪಾಳೆ ನಿಲ್ಲಲೊಲ್ಲದು. ಅವನು ಕಣ್ಣೊರೆಸಿಕೊಂಡು ಬೆರಳನ್ನು ಆಕಾಶಕ್ಕೆತ್ತಿದ.

"ಮರೆತ ಸಾಲು ಮೇಲಿಂದ ಎತ್ತಿಕೊಟ್ಟೆಯಲ್ಲಾ ಸ್ವಾಮಿ, ನಿನಗೆ ಸ್ತೋತ್ರ!"

"ಆಮೆನ್!" ಎಂದಿತು ಹೊಳೆದಂಡೆ.

ಓಝೆಲಾ ಪಿನ್ನು ಕಿತ್ತು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಹಿಂದಕ್ಕೆ ತಿರುಗಿ, "ಈಗ ಕಾಣ್ತದೇನಪ್ಪಾ?" ಎಂದು ಕೇಳಿದಳು.

"ಈಗ ಚೆನ್ನಾಗಿ ಕಾಣ್ತಿದೆ ಅಜ್ಜಿ" ಎಂದ ಅವನು, ವೇದಿಕೆಯಿಂದ ಕಣ್ಣು ಕೀಳದೆ.